ಎಂಟ್ರಿ ಸಾಂಗ್

“ಬ್ಯಾಟು ಹಿಡಿದು ಒಳಗೆ ಬರೋದಕ್ಕೂ ಒಂದು ಹಾಡಾ?” ಎಂದ ಸೀತಾರಾಮು. “ಸರಿ, ಔಟಾಗಿ ಹೊರಗೆ ಹೋಗೋದಕ್ಕೆ ಏನು ಹಾಕಿದ್ರಿ?”

“ಅದಕ್ಕೆಲ್ಲ ಯಾರಾದ್ರೂ ಹಾಡು ಹಾಕ್ತಾರಾ?” ಸುಬ್ಬು ಮುಖ ಗಂಟು ಹಾಕಿಕೊಂಡ.

“ಹಾಕಬೇಕಪ್ಪ. ನಿನ್ನ ಓಪನಿಂಗ್ ಬ್ಯಾಟ್ಸ್‌ಮನ್ ಕ್ರೀಸಿನಲ್ಲಿ ಇದ್ದದ್ದು ಒಂದು ಬಾಲು. ಹಾಡು ಇದ್ದದ್ದು ಮೂರು ನಿಮಿಷ. ಅವನು ಬೌಲ್ಡ್ ಆಗಿ, ಶಾಮಿಯಾನಕ್ಕೆ ವಾಪಸ್ ಬಂದು, ಪ್ಯಾಡ್ ಬಿಚ್ಚಿ, ಮಜ್ಜಿಗೆ ಕುಡಿಯುತ್ತಾ ಕುಳಿತಿದ್ದರೂ ಅವನ ಎಂಟ್ರಿ ಇನ್ನೂ ನಡೆಯುತ್ತಲೇ ಇತ್ತು.”

ಬಸಣ್ಣ ನಕ್ಕ. ಅವನ ಕಾಲ ಬಳಿ ಮಲಗಿದ್ದ ಕೆಂಚ ಒಂದು ಕಿವಿ ಮಾತ್ರ ಎತ್ತಿ ಇಳಿಸಿತು.

ಬಡಾವಣೆಯ ಟೆನಿಸ್ ಬಾಲ್ ಕಪ್ ಭಾನುವಾರ ಮುಗಿದಿತ್ತು. ಪಾರ್ಕಿನ ಬೆಂಚಿನ ಮೇಲೆ ಅದರ ಪೋಸ್ಟ್‌ಮಾರ್ಟಂ ಇನ್ನೂ ಮುಗಿದಿರಲಿಲ್ಲ. ಹೋದ ವರ್ಷದವರೆಗೆ ಎರಡು ಬ್ಯಾನರ್, ಒಂದು ಮೈಕು, ಕಾಮೆಂಟರಿ ಹೇಳಲು ಗಂಟಲಿರುವ ಒಬ್ಬ ಹುಡುಗ, ಇಷ್ಟರಲ್ಲೇ ಕಪ್ ನಡೆದುಹೋಗುತ್ತಿತ್ತು. ಈ ಸಲ ಡಿಜೆ ಬಂದ. ಆಳೆತ್ತರದ ಸ್ಪೀಕರ್ ಬಂತು. ಪ್ರತಿ ಆಟಗಾರನೂ ತನ್ನ ಎಂಟ್ರಿ ಸಾಂಗ್ ಯಾವುದು ಅಂತ ಫಾರ್ಮಿನಲ್ಲಿ ಬರೆದುಕೊಡಬೇಕಾಯಿತು. ರಕ್ತದ ಗುಂಪು ಬರೆಯುವ ಜಾಗ ಖಾಲಿ ಬಿಟ್ಟವರೂ ಹಾಡಿನ ಜಾಗ ಖಾಲಿ ಬಿಟ್ಟಿರಲಿಲ್ಲ.

“ಸೀತಾರಾಮು ಸಾರ್‌ಗೆ ಯಾವುದೂ ಹಿಡಿಸಲ್ಲ ಬಿಡಿ,” ಎಂದ ಸುಬ್ಬು. “ಇದು ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್. ಬೇಕಾದರೆ ಶೀನಣ್ಣನ್ನ ಕೇಳಿ. ಅವರು ಅಮೆರಿಕದಲ್ಲಿ ಕಣ್ಣಾರೆ ನೋಡಿ ಬಂದಿದ್ದಾರೆ.”

ಶೀನ ಇದಕ್ಕೇ ಕಾಯುತ್ತಿದ್ದ. ಮಗಳ ಬಾಣಂತನಕ್ಕೆ ಹೆಂಡತಿಯ ಜೊತೆ ಸ್ಯಾನ್ ಹೋಸೆಗೆ ಹೋಗಿ ಬಂದ ಮೇಲೆ ಅವನ ಮಾತೆಲ್ಲ ‘ಅಲ್ಲಿ’ ಎಂದೇ ಶುರುವಾಗುತ್ತದೆ.

“ಅಲ್ಲಿ ಬೇಸ್‌ಬಾಲ್ ಅಂತ ಆಡ್ತಾರೆ. ಟೀವಿಯಲ್ಲಿ ಬರುವ ದೊಡ್ಡ ಲೀಗ್ ಅಲ್ಲ ನಾನು ಹೇಳೋದು. ಊರಿನದೇ ತಂಡ, ಸ್ಯಾನ್ ಹೋಸೆ ಜೈಂಟ್ಸ್. ಸಣ್ಣ ಸ್ಟೇಡಿಯಂ, 1942ರದ್ದು. ನಾಳೆ ದೊಡ್ಡ ಲೀಗಿಗೆ ಹೋಗುವ ಆಸೆ ಇರುವ ಹುಡುಗರು ಆಡ್ತಾರೆ. ಒಬ್ಬೊಬ್ಬ ಬ್ಯಾಟು ಬೀಸೋಕೆ ಬರುವಾಗಲೂ ಅವನವನ ಹಾಡು. ಎದುರು ಟೀಮಿನಲ್ಲಿ ಒಬ್ಬನನ್ನು ‘ಬಿಯರ್ ಬ್ಯಾಟರ್’ ಅಂತ ಆರಿಸಿರ್ತಾರೆ. ಅವನು ಮೂರು ಸ್ಟ್ರೈಕ್ ಆಗಿ, ಅಂದರೆ ಮೂರು ಸಲ ಹೊಡೆಯಲಾರದೆ ಔಟಾದರೆ ಬಿಯರು ಅರ್ಧ ರೇಟು.”

“ಅದು ನೋಡು ಆಟ!” ಬಸಣ್ಣ ನೆಟ್ಟಗೆ ಕುಳಿತ. “ಸುಬ್ಬು, ಮುಂದಿನ ವರ್ಷ ಇದನ್ನು ತಾ.”

“ನಮ್ಮ ಕಪ್ಪಿಗೆ ಅದು ಆಗಿಬರಲ್ಲ,” ಎಂದ ಸೀತಾರಾಮು. “ಇಲ್ಲಿ ಹನ್ನೊಂದು ಜನವೂ ಬಿಯರ್ ಬ್ಯಾಟರ್‌ಗಳೇ. ಅಂಗಡಿಯವನು ಮಧ್ಯಾಹ್ನದೊಳಗೆ ಬಾಗಿಲು ಮುಚ್ಚಬೇಕಾಗುತ್ತೆ.”

ಶೀನ ಬಿಡಲಿಲ್ಲ. ಈ ಹಾಡಿನ ಪದ್ಧತಿಯನ್ನು ಮೊದಲು ಬೆಳೆಸಿದ್ದು ಒಬ್ಬ ಹೆಂಗಸಂತೆ. ಶಿಕಾಗೋದ ವೈಟ್ ಸಾಕ್ಸ್ ತಂಡಕ್ಕೆ 1970ರಿಂದ 2010ರವರೆಗೆ ಆರ್ಗನ್ ನುಡಿಸಿದ ನ್ಯಾನ್ಸಿ ಫೌಸ್ಟ್. ಆಟಗಾರ ಬರುವಾಗ ಅವನ ಹೆಸರಿಗೋ ಅವನ ಊರಿಗೋ ಹೊಂದುವ ಒಂದು ಧಾಟಿಯನ್ನು ತಟ್ಟನೆ ನುಡಿಸುತ್ತಿದ್ದರಂತೆ. ಅರ್ಥವಾದವರು ನಗುತ್ತಿದ್ದರು. ಆಗದವರು ಪಕ್ಕದವರನ್ನು ಕೇಳಿ ನಗುತ್ತಿದ್ದರು.

“ಇದು ಚೆನ್ನಾಗಿದೆ,” ಎಂದ ಸೀತಾರಾಮು. “ಆಯಮ್ಮ ಇವನನ್ನು ನೋಡಿ ಹಾಡು ಹುಡುಕಿದಳು. ಇದರಲ್ಲಿ ಒಂದು ತಮಾಷೆ ಇದೆ, ಒಂದು ಪ್ರೀತಿ ಇದೆ. ಈಗ ಇವನೇ ತನ್ನನ್ನು ಕನ್ನಡಿಯಲ್ಲಿ ನೋಡಿಕೊಂಡು ಹಾಡು ಆರಿಸಿಕೊಳ್ಳುತ್ತಾನೆ. ತನ್ನ ಹೊಗಳುಭಟನ ಕೆಲಸ ತಾನೇ ಮಾಡಿಕೊಂಡ ಹಾಗೆ.”

“ರಿವೆರಾ ಅನ್ನೋನ ಹಾಡು ಕೂಡ ಅವನು ಆರಿಸಿಕೊಂಡದ್ದಲ್ಲವಂತೆ,” ಎಂದ ಶೀನ. “ನ್ಯೂಯಾರ್ಕ್ ಯಾಂಕೀಸ್ ತಂಡದವನು. ಕೊನೆಗೆ ಬಂದು ಪಂದ್ಯ ಉಳಿಸಿಕೊಡೋದೇ ಅವನ ಕೆಲಸ. ಅದಕ್ಕೆ ಅಲ್ಲಿ ‘ಸೇವ್’ ಅಂತಾರೆ. 652 ಸೇವ್, ಅದೇ ರೆಕಾರ್ಡು. 1999ರಿಂದ ಅವನಿಗೆ ಮೆಟಾಲಿಕಾ ಅನ್ನೋ ರಾಕ್ ಬ್ಯಾಂಡಿನ ಒಂದು ಹಾಡು ಹಾಕೋಕೆ ಶುರು ಮಾಡಿದರು. ಅದು ಕೇಳಿದರೆ ಎದುರು ಟೀಮಿನ ಕಡೆಯವರು ಕಾರಿನ ಕೀ ಹುಡುಕೋರು.”

“652 ಸೇವ್ ಮಾಡಿದವನಿಗೆ ಹಾಕಲಿ, ಬೇಡ ಅಂದವರು ಯಾರು? ನಮ್ಮ ಸುಬ್ಬುವಿನ ಓಪನರ್ ಇವತ್ತಿನವರೆಗೆ ಸೇವ್ ಮಾಡಿರೋದು ಡಿಜೆ ನಂಬರ್ ಒಂದೇ.”

ಈ ಮಾತಿಗೆ ಸುಬ್ಬುವೂ ನಗಬೇಕಾಯಿತು. ಆದರೆ ಸೋಲಲಿಲ್ಲ. “ಸಾರ್, ಹಾಡಿಲ್ಲದ ಆಟ ಉಪ್ಪಿಲ್ಲದ ಊಟ. ಶೀನಣ್ಣ, ಮಧ್ಯದಲ್ಲಿ ಎಲ್ಲರೂ ಎದ್ದು ಹಾಡ್ತಾರಲ್ಲ, ಅದನ್ನು ಹೇಳಿ.”

“ಹೌದು. ಒಂಬತ್ತು ಇನಿಂಗ್ಸ್ ಆಟ. ಏಳನೆಯದರ ನಡುವೆ ಇಡೀ ಸ್ಟೇಡಿಯಂ ಎದ್ದು ನಿಂತುಕೊಳ್ಳುತ್ತೆ. ನಾನು ರಾಷ್ಟ್ರಗೀತೆ ಅಂದುಕೊಂಡು ಅಟೆನ್ಷನ್‌ನಲ್ಲಿ ನಿಂತೆ. ನೋಡಿದರೆ ‘ನನ್ನನ್ನು ಮ್ಯಾಚಿಗೆ ಕರೆದುಕೊಂಡು ಹೋಗು, ಕಡಲೆಕಾಯಿ ಕೊಡಿಸು’ ಅನ್ನೋ ಹಾಡು. ಮುದುಕರು, ಮಕ್ಕಳು, ಕಡಲೆಕಾಯಿ ಮಾರುವವನು, ಎಲ್ಲರೂ ಹಾಡ್ತಾರೆ. 1908ರ ಹಾಡಂತೆ. ತಮಾಷೆ ಕೇಳು, ಅದನ್ನು ಬರೆದ ಜ್ಯಾಕ್ ನಾರ್‌ವರ್ತ್ ಅನ್ನೋನು ಆವರೆಗೆ ದೊಡ್ಡ ಲೀಗಿನ ಒಂದು ಮ್ಯಾಚನ್ನೂ ನೋಡಿರಲಿಲ್ಲ. ಮೊದಲು ನೋಡಿದ್ದು 1940ರಲ್ಲಿ.”

“ಬುದ್ಧಿವಂತ,” ಎಂದ ಸೀತಾರಾಮು. “ಮೊದಲೇ ಹೋಗಿ ನೋಡಿದ್ದರೆ ಕಡಲೆಕಾಯಿ ರೇಟಿನ ಮೇಲೆ ಬರೆಯುತ್ತಿದ್ದ.”

“ನಾಯಿಗಳನ್ನೂ ಬಿಡ್ತಾರೆ ಅಂದಿದ್ದೆಯಲ್ಲ?” ಬಸಣ್ಣನಿಗೆ ಆಟಕ್ಕಿಂತ ಅದು ಮುಖ್ಯ.

“ಕೆಲವು ದಿನ ಬಿಡ್ತಾರೆ. ಅಂಥ ಸಣ್ಣ ಲೀಗಿನ ಮೈದಾನಗಳಲ್ಲಿ ಅದು ಮಾಮೂಲು. ನಾಯಿಗೂ ಟಿಕೆಟ್ಟು. ಪಕ್ಕದಲ್ಲೇ ಕುಳಿತು ಮ್ಯಾಚ್ ನೋಡುತ್ತೆ.”

“ನಮ್ಮ ಕೆಂಚ ನೋಡೋದಲ್ಲ, ಫೀಲ್ಡಿಂಗ್ ಮಾಡ್ತಾನೆ,” ಎಂದ ಬಸಣ್ಣ ಹೆಮ್ಮೆಯಿಂದ. ನಿಜ. ಭಾನುವಾರ ಡೀಪ್ ಮಿಡ್‌ವಿಕೆಟ್‌ನಲ್ಲಿ ಬಾಲು ಹಿಡಿದದ್ದು ಕೆಂಚ ಒಬ್ಬನೇ. ಹಿಡಿದ ಬಾಲು ವಾಪಸ್ ಕೊಡಲಿಲ್ಲ ಅನ್ನೋದು ಬೇರೆ ವಿಷಯ. ಅಂಪೈರು ಡೆಡ್ ಬಾಲ್ ಕೊಟ್ಟರು. ಬಾಲು ನಿಜಕ್ಕೂ ಸತ್ತಿತ್ತು.

ಆದರೆ ಬಸಣ್ಣನ ಮನೆಯಲ್ಲೂ ಹಾಡಿನ ಕಾಟ ತಪ್ಪಿಲ್ಲ. ಕೆಂಚನನ್ನು ಅವನ ಮೊಮ್ಮಗಳು ಬ್ರೂನೋ ಅಂತ ಕರೆಯುತ್ತಾಳೆ. ಫೋನಿನಲ್ಲಿ ಅದಕ್ಕೊಂದು ಖಾತೆ ತೆರೆದಿದ್ದಾಳೆ. ಅದು ಗೇಟು ದಾಟಿ ಒಳಗೆ ಬರುವುದನ್ನು ವಿಡಿಯೋ ಮಾಡಿ, ಹಿಂದೆ ಒಂದು ಇಂಗ್ಲಿಷ್ ಹಾಡು ಸೇರಿಸಿ ಹಾಕುತ್ತಾಳೆ. ಮಗ ಇನ್ನೂ ಒಂದು ಹೆಜ್ಜೆ ಮುಂದೆ. ಮನೆಗೆ ಬೀಗ ಹಾಕುವಾಗ ಸ್ಪೀಕರಿನಲ್ಲಿ ನಾಯಿಗೆಂದೇ ಹಾಡು ಹಾಕಿ ಹೋಗುತ್ತಾನೆ.

“ಸ್ಪಾಟಿಫೈನವರು 2020ರಲ್ಲೇ ಸಾಕುಪ್ರಾಣಿಗಳಿಗೆ ಪ್ಲೇಲಿಸ್ಟ್ ಮಾಡಿದ್ದಾರಂತೆ,” ಎಂದ ಬಸಣ್ಣ. “ಅದಕ್ಕೂ ಮುಂಚೆ ಸ್ಕಾಟ್ಲೆಂಡಿನಲ್ಲಿ ಗ್ಲಾಸ್ಗೋ ಯೂನಿವರ್ಸಿಟಿಯವರು ನಾಯಿಗಳ ಆಶ್ರಯತಾಣದಲ್ಲಿ ಬಗೆಬಗೆಯ ಸಂಗೀತ ಹಾಕಿ ಪರೀಕ್ಷೆ ಮಾಡಿದರಂತೆ. 2017ರ ಸುದ್ದಿ. ಸಾಫ್ಟ್ ರಾಕು, ರೆಗೆ, ಇವೆರಡಕ್ಕೆ ನಾಯಿಗಳು ಜಾಸ್ತಿ ಶಾಂತವಾದವಂತೆ. ಅದಕ್ಕೇ ನಮ್ಮ ಮಗ ರೆಗೆ ಹಾಕ್ತಾನೆ.”

“ರೆಗೆ ಜಮೈಕಾದ್ದು ಅಲ್ವಾ? ಇದು ಕುಕ್ಕರಹಳ್ಳಿ ಕೆರೆ ಏರಿಯಲ್ಲಿ ಸಿಕ್ಕ ನಾಯಿ. ಕೆಂಚ ಏನು ಮಾಡ್ತಾನೆ?”

“ಸೋಫಾ ಮೇಲೆ ಮಲಗ್ತಾನೆ.”

“ಹಾಡು ಹಾಕದಿದ್ದರೆ?”

ಬಸಣ್ಣ ಸ್ವಲ್ಪ ಯೋಚಿಸಿದ. “ಆಗಲೂ ಸೋಫಾ ಮೇಲೇ.”

“ನೋಡು, ನಾಯಿಯ ಅಚ್ಚುಮೆಚ್ಚಿನ ಸಂಗೀತ ನನಗೆ ಗೊತ್ತು,” ಎಂದ ಸೀತಾರಾಮು. ಜೇಬಿನಿಂದ ಪಾರ್ಲೆ-ಜಿ ಪೊಟ್ಟಣ ತೆಗೆದು ಅದರ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದ. ಇನ್ನೂ ಹರಿದಿರಲಿಲ್ಲ. ಪೊಟ್ಟಣ ಚರ್ ಎಂದಿತು ಅಷ್ಟೇ. ಕೆಂಚ ಎದ್ದು ಕುಳಿತಿತ್ತು. ಎರಡೂ ಕಿವಿ ನೆಟ್ಟಗೆ, ಬಾಲ ನೆಲದ ಧೂಳನ್ನು ಗುಡಿಸುತ್ತಿತ್ತು, ಕಣ್ಣು ಪೊಟ್ಟಣದ ಮೇಲೆ. “ನೋಡಿದೆಯಾ? ಇದಕ್ಕೆ ಯೂನಿವರ್ಸಿಟಿ ಬೇಕಾ? ಅವನಿಗೆ ಇನ್ನೊಂದು ಹಾಡೂ ಇಷ್ಟ. ಕಸದ ಗಾಡಿಯದು. ಅದು ತಿರುವಿನಲ್ಲಿ ಬರುತ್ತಿದ್ದ ಹಾಗೆ ಕತ್ತೆತ್ತಿ ಜೊತೆಗೆ ಹಾಡ್ತಾನೆ. ಸುಬ್ಬು, ಬರೆದಿಟ್ಟುಕೋ. ಈ ಊರಿನಲ್ಲಿ ಎಂಟ್ರಿ ಸಾಂಗ್ ಅಂದರೆ ಅದೊಂದೇ. ಆ ಹಾಡು ಕೇಳಿದರೆ ಮನೆಮನೆಯಿಂದ ಜನ ಎದ್ದೂ ಬಿದ್ದೂ ಓಡಿ ಬರ್ತಾರೆ, ಕೈಯಲ್ಲಿ ಬಕೆಟ್ ಹಿಡಿದು. ನಿನ್ನ ಓಪನರ್‌ಗೆ ಯಾರಯ್ಯ ಓಡಿ ಬಂದರು?”

ಅಷ್ಟರಲ್ಲಿ ಪದ್ಮಕ್ಕ ಹಾಲಿನ ಚೀಲ ಹಿಡಿದು ಬಂದರು. ಎಂಟ್ರಿ ಸಾಂಗ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೆಂಚಿನ ತುದಿಯಲ್ಲಿ ಕುಳಿತೇ ಬಿಟ್ಟರು.

“ಅದರ ಹೆಸರೆತ್ತಬೇಡಿ. ನಮ್ಮನೇಲಿ ಮದುವೆ ನಿಶ್ಚಯ ಆಗಿ ತಿಂಗಳಾಗಿಲ್ಲ. ಮುಹೂರ್ತದ ಹೊತ್ತು ಗೊತ್ತಾಗುವ ಮುಂಚೆ ಹುಡುಗಿಯ ಎಂಟ್ರಿ ಸಾಂಗ್ ಗೊತ್ತಾಯ್ತು. ಕತ್ತಲು ಮಾಡ್ತಾರಂತೆ, ಹೊಗೆ ಬಿಡ್ತಾರಂತೆ, ಇವಳು ಕುಣೀತಾ ಬರ್ತಾಳಂತೆ. ನಮ್ಮ ಕಾಲದಲ್ಲಿ ಸೋದರಮಾವ ಕರೆದುಕೊಂಡು ಬರೋರು. ನಾವು ಬಂದದ್ದು ನಮಗೇ ಗೊತ್ತಾಗ್ತಿರಲಿಲ್ಲ.”

“ಮದುವೆ ಮನೇಲಿ ಹೊಗೆ ಹೊಸದೇನಲ್ಲ ಬಿಡಿ,” ಎಂದ ಸೀತಾರಾಮು. “ಮುಂಚೆ ಹೋಮದಿಂದ ಬರ್ತಿತ್ತು, ಈಗ ಮಷೀನಿನಿಂದ. ಓಲಗದವರು ಏನು ಮಾಡ್ತಾರೆ ಆಗ?”

ಪದ್ಮಕ್ಕ ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ ಹೇಳಿದರು. ನಾದಿನಿಯ ಮಗಳ ಮದುವೆಯಲ್ಲಿ ನೋಡಿದ್ದರಂತೆ. ಡಿಜೆ ಹುಡುಗ ಬಂದು ಕೈ ಸನ್ನೆ ಮಾಡಿದ. ಓಲಗದವರು ಅರ್ಧದಲ್ಲೇ ನಿಲ್ಲಿಸಿದರು. ನಾಗಸ್ವರದ ಅಜ್ಜ ಅದರ ಬಾಯಿಯ ಪೀಪಿ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ವಾದ್ಯವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಡೋಲಿನವನು ಬೆರಳಿನ ಕವಚಗಳನ್ನು ಒಂದೊಂದಾಗಿ ತೆಗೆದ. ಹುಡುಗಿ ಕುಣಿದು ಮುಗಿಸುವವರೆಗೆ ಇಬ್ಬರೂ ಅವಳನ್ನೇ ನೋಡುತ್ತಾ ಕುಳಿತಿದ್ದರು. ಆಮೇಲೆ ಅಜ್ಜ ಇವರನ್ನು ಕರೆದು ಮೆಲ್ಲಗೆ ಕೇಳಿದನಂತೆ, “ಅಮ್ಮ, ನಾವು ಎಲ್ಲಿ ನುಡಿಸಬಹುದು ಅಂತ ಯಾರನ್ನ ಕೇಳಬೇಕು?”

ಯಾರೂ ಮಾತಾಡಲಿಲ್ಲ. ಸುಬ್ಬು ಫೋನು ತೆಗೆದು ಏನೋ ನೋಡುವವನಂತೆ ಮಾಡಿದ.

“ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಅಂತ ಬೆರಳು ಆಡಿಸಿದಾಗ ಅವರ ಸರದಿ ಬರುತ್ತೆ,” ಎಂದ ಸೀತಾರಾಮು, ಈ ಸಲ ಸ್ವಲ್ಪ ತಗ್ಗಿದ ದನಿಯಲ್ಲಿ. “ನಮ್ಮಪ್ಪನಿಗೆ ಅಂತ ಒಂದು ಹಾಡಿರಲಿಲ್ಲ. ಬೆಳಿಗ್ಗೆ ರೇಡಿಯೋ ತಿರುಗಿಸಿದರೆ ಮೊದಲು ಬರ್ತಿತ್ತಲ್ಲ, ತಂಬೂರಿ ಮೇಲೆ ಪಿಟೀಲು, ಆ ಧಾಟಿ. ಹಿಟ್ಲರನ ಕಾಲದಲ್ಲಿ ಮುಂಬಯಿಗೆ ಬಂದು ಸೇರಿದ್ದ ವಾಲ್ಟರ್ ಕೌಫ್‌ಮನ್ ಅನ್ನೋ ಯಹೂದಿ ಸಂಗೀತಗಾರ ಮಾಡಿದ್ದು. ಅದು ಬರುವ ಹೊತ್ತಿಗೆ ಅಪ್ಪ ಒಲೆ ಮುಂದೆ ಕುಳಿತು ಕಾಫಿ ಬೀಜ ಹುರಿಯೋರು. ಪಕ್ಕದ ಮನೆಯಲ್ಲೂ ಅದೇ ಧಾಟಿ, ಎದುರು ಮನೆಯಲ್ಲೂ ಅದೇ. ಇಡೀ ಬೀದಿ ಒಟ್ಟಿಗೆ ಎಂಟ್ರಿ ಕೊಡ್ತಿತ್ತು, ಹಲ್ಲುಜ್ಜುತ್ತಾ.”

“ನಮ್ಮ ಮೈಸೂರಲ್ಲೂ ಆಗಲೇ ಒಂದು ರೇಡಿಯೋ ಕೇಂದ್ರ ಶುರುವಾಗಿತ್ತು,” ಎಂದ ಬಸಣ್ಣ. “1935ರಲ್ಲಿ, ಮಹಾರಾಜಾ ಕಾಲೇಜಿನ ಪ್ರೊಫೆಸರ್ ಗೋಪಾಲಸ್ವಾಮಿ ಮನೆಯಲ್ಲಿ. ಆಕಾಶವಾಣಿ ಅನ್ನೋ ಹೆಸರೂ ಇಲ್ಲಿಂದಲೇ ಹೋದದ್ದು.”

“ಅದನ್ನು ನೀನು ವಾರಕ್ಕೊಮ್ಮೆ ಹೇಳ್ತೀಯ,” ಎಂದ ಶೀನ. “ಪದ್ಮಕ್ಕ, ನೀವು ಒಂದು ಕೆಲಸ ಮಾಡಿ. ಅಲ್ಲಿ ದೊಡ್ಡ ಲೀಗಿನಲ್ಲೂ ಈ ಹಾಡುಗಳು ಅತಿಯಾಗಿ ಆಟ ತಡ ಆಗ್ತಿತ್ತು. 2023ರಲ್ಲಿ ಮೈದಾನದಲ್ಲಿ ಗಡಿಯಾರ ಇಟ್ಟರು. ಬ್ಯಾಟರ್‌ನ ಹಾಡು 10 ಸೆಕೆಂಡ್ ಮೀರಬಾರದು ಅಂತ ರೂಲ್ಸು.”

ಸೀತಾರಾಮುವಿನ ಮುಖ ಅರಳಿತು. “ಮೊದಲೇ ಹೇಳಬಾರದಾ ಇದನ್ನ! ನೀನು ಆ ದೇಶದಿಂದ ತಂದದ್ದರಲ್ಲಿ ಉಪಯೋಗಕ್ಕೆ ಬರುವಂಥದ್ದು ಇದೊಂದೇ. ಬಾದಾಮಿ ಪೊಟ್ಟಣ ನಮ್ಮ ಅಂಗಡೀಲೂ ಸಿಗುತ್ತೆ. ಪದ್ಮಕ್ಕ, 10 ಸೆಕೆಂಡ್ ಡಿಜೆಗೆ, ಮಿಕ್ಕದ್ದು ಓಲಗಕ್ಕೆ. ಚೌಲ್ಟ್ರಿ ಬಾಗಿಲಲ್ಲಿ ಬೋರ್ಡ್ ಹಾಕಿಸಿ.”

“10 ಸೆಕೆಂಡಿಗೆ ನಮ್ಮ ಹುಡುಗಿ ಸೀರೆ ನೆರಿಗೆಯನ್ನೂ ಸರಿ ಮಾಡಿಕೊಂಡಿರಲ್ಲ,” ಎಂದರು ಪದ್ಮಕ್ಕ.

“ಒಂದು ನಿಮಿಷ ಕೊಡಿ,” ಎಂದ ಸುಬ್ಬು. ಅವನಿಗೆ ವ್ಯಾಪಾರದ ಉಮೇದು ಬಂದಿತ್ತು. “ನಮ್ಮ ಡಿಜೆನೇ ಕಳಿಸ್ತೀನಿ, ಕಡಿಮೆಗೆ. ಓಲಗದವರಿಗೆ ಕಾಲರ್ ಮೈಕ್ ಫ್ರೀ.”

“ಓಲಗಕ್ಕೆ ಮೈಕಾ? ರಾಹುಕಾಲವೂ ಎದ್ದು ಓಡಿಹೋಗುತ್ತೆ ಕಣೋ. ಆ ವಾದ್ಯ ಮಾಡಿರೋದೇ ಊರಾಚೆಗೆ ಕೇಳಲಿ ಅಂತ.”

“ಒಂದು ನಿಮಿಷ ಆದರೆ ಅವಳು ಒಪ್ಪಿಯಾಳು,” ಪದ್ಮಕ್ಕ ಲೆಕ್ಕ ಹಾಕುತ್ತಿದ್ದರು. “ಗಂಡಿನ ಕಡೆಯವರಿಗೂ ಎಂಟ್ರಿ ಬೇಕಂತೆ. ಅಪ್ಪ ಅಮ್ಮನಿಗೆ ಬೇರೆ. ಕೊನೆಗೆ ಊಟದ ಹಾಲಿಗೆ ಎಲ್ಲರೂ ಒಟ್ಟಿಗೆ ಹೋಗುವಾಗ ಇನ್ನೊಂದು ಹಾಡು ಇಡೋಣ ಅಂತ ಈವೆಂಟಿನವನು ಹೇಳ್ತಿದ್ದ.”

“ಅದು ಮಾತ್ರ ದಂಡ,” ಎಂದ ಸೀತಾರಾಮು. “‘ಎಲೆ ಹಾಕಿದೆ’ ಅಂತ ಒಬ್ಬ ಹೇಳಲಿ ಸಾಕು. ಮೈಕು ಬೇಡ, ಕೂಗೋದೂ ಬೇಡ. ಮೊದಲ ಸಾಲಿನವನ ಕಿವಿಯಲ್ಲಿ ಹೇಳಿದರೆ ಸಾಕು. ನಿಮ್ಮ ಹುಡುಗಿ ಕುಣಿಯುತ್ತಿದ್ದರೆ ನೋಡೋದಕ್ಕೆ ವಿಡಿಯೋದವನು ಒಬ್ಬನೇ ಉಳಿದಿರ್ತಾನೆ. ಅವನೂ ಬ್ಯಾಟರಿ ಬದಲಾಯಿಸುವ ನೆಪದಲ್ಲಿ ಎರಡನೇ ಪಂಕ್ತಿಗೆ ಬಂದಿರ್ತಾನೆ.”

ಬಸಣ್ಣ ಕೆಂಚನ ಬೆಲ್ಟು ಹಿಡಿದು ಎದ್ದು ನಿಂತಿದ್ದ. ಮತ್ತೆ ಕುಳಿತ.

“ಪದ್ಮಕ್ಕ, ಸಿಹಿ ಏನು ಮಾಡಿಸ್ತಿದ್ದೀರಿ? ಹೋಳಿಗೇನಾ, ಚಿರೋಟೀನಾ?”