ಅಮ್ಮ ಊರಲ್ಲಿ ಒಬ್ಬರೇ, ರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದರು

ಪ್ರಶ್ನೆ: ನಮಸ್ಕಾರ ಮೇಡಂ. ಅಮ್ಮನಿಗೆ 76 ವರ್ಷ. ಸಾಗರದ ಹತ್ತಿರದ ಹಳ್ಳಿ ಮನೆಯಲ್ಲಿ ಒಬ್ಬರೇ ಇದ್ದಾರೆ. ಬಚ್ಚಲು, ಕಕ್ಕಸು ಎರಡೂ ಹಿತ್ತಲ ಕಡೆ. ಹೋದ ವಾರ ರಾತ್ರಿ ಎದ್ದು ಹೋಗುವಾಗ ಜಾರಿ ಬಿದ್ದರು. ಮೂಳೆಗೇನೂ ಆಗಿಲ್ಲ. ಆದರೆ ಬೆಳಗ್ಗೆ ಪಕ್ಕದ ಮನೆಯವರು ನೋಡುವವರೆಗೂ ಅಲ್ಲೇ ಕೂತಿದ್ದರಂತೆ. ಬೆಂಗಳೂರಿಗೆ ಬಾಮ್ಮ ಅಂದರೆ "ದನ ಯಾರು ನೋಡ್ತಾರೆ?" ಅನ್ನುತ್ತಾರೆ. ಬಿಪಿಗೆ ಮಾತ್ರೆ ಇದೆ. ಏನು ಮಾಡಲಿ?

ಉತ್ತರ (ಫಿಸಿಯೋಥೆರಪಿಸ್ಟ್): ಬಿದ್ದಿದ್ದಕ್ಕಿಂತ, ಬೆಳಗಿನವರೆಗೆ ಯಾರಿಗೂ ಗೊತ್ತಾಗಲಿಲ್ಲವಲ್ಲ, ಅದೇ ನನಗೆ ಜಾಸ್ತಿ ಸಂಕಟ. ಹಾಗಂತ ಕೂಡಲೇ ಕರೆತರಬೇಡಿ. ಆ ಮನೆಯ ಒಂದೊಂದು ಮೆಟ್ಟಿಲೂ ಅವರ ಕಾಲಿಗೆ ಗೊತ್ತು. ಹೊಸ ಫ್ಲಾಟಿನ ನುಣ್ಣನೆ ಟೈಲ್ಸ್ ಮೇಲೆ ಬಿದ್ದವರನ್ನೂ ನಾನು ನೋಡಿದ್ದೇನೆ. ಮೊದಲು ಮಂಚದಿಂದ ಬಚ್ಚಲಿನವರೆಗಿನ ದಾರಿ ಸರಿ ಮಾಡೋಣ.

ಊರಿಗೆ ಹೋದಾಗ ರಾತ್ರಿ ಅಮ್ಮ ಎದ್ದರೆ ಸುಮ್ನೆ ಹಿಂದೆ ನಡೆಯಿರಿ. ಅವರು ಎಲ್ಲಿ ಗೋಡೆ ಹಿಡಿಯುತ್ತಾರೆ ನೋಡಿ. ಸುಣ್ಣದ ಮೇಲೆ ಕೈ ತಾಗಿ ತಾಗಿ ಕಪ್ಪಾದ ಕಲೆ ಇರುತ್ತದೆ. ಹಿಡಿಕೆ ಬೇಕಾದ್ದು ಅಲ್ಲೇ. ಟವೆಲ್ ಹಾಕುವ ರಾಡ್ ಮನುಷ್ಯರ ಭಾರ ತಡೆಯಲ್ಲ, ಗಟ್ಟಿ ಸ್ಟೀಲ್ ಪೈಪ್ ಹಾಕಿಸಿ. ಮಣ್ಣಿನ ಗೋಡೆಯಾದರೆ ಸ್ಕ್ರೂ ನಿಲ್ಲುವುದಿಲ್ಲ, ನೆಲದಲ್ಲಿ ಕಂಬ ನೆಟ್ಟು ಅದಕ್ಕೆ ಪೈಪ್ ಕೂರಿಸಿ. ಹೊಸ್ತಿಲ ಅಂಚಿಗೆ ಬಿಳಿ ಪೇಂಟ್, ಕರೆಂಟ್ ಹೋದರೂ ಉರಿಯುವ ಚಾರ್ಜಿಂಗ್ ಬಲ್ಬ್. ಹಿತ್ತಲ ಪಾಚಿ ಉಜ್ಜಿಸಿ. ಮಳೆಗಾಲಕ್ಕೆ ಕಾಲು ಜಾರದಂತೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸುವುದನ್ನು ನಿಮ್ಮ ಕಡೆಯವರಿಗೆ ನಾನು ಹೇಳಿಕೊಡಬೇಕಿಲ್ಲ, ಅಲ್ವಾ?

ಬಿಪಿ ಮಾತ್ರೆ ತಗೊಳ್ಳುವವರು ತಟ್ಟನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು. ಮಂಚದ ಅಂಚಲ್ಲಿ ಕೂತು, ಪಾದ ಆಡಿಸಿ, ಒಂದೆರಡು ನಿಮಿಷ ಬಿಟ್ಟು ಏಳಲಿ. ಡಾಕ್ಟರ ಹತ್ತಿರ ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿಸಿ. ಮೂತ್ರ ಹೋಗಿಸುವ ಮಾತ್ರೆ ಸಂಜೆ ತಗೊಳ್ಳುತ್ತಿದ್ದರೆ ಬೆಳಗ್ಗೆಗೆ ಬದಲಿಸಬಹುದಾ ಕೇಳಿ. ನೀವಾಗಿ ಬದಲಿಸಬೇಡಿ.

ಮೊಬೈಲ್ ಮೇಜಿನ ಮೇಲಿದ್ದರೆ ನೆಲದಲ್ಲಿ ಬಿದ್ದವರಿಗೆ ಎಟುಕುವುದಿಲ್ಲ. ರಾತ್ರಿ ಏಳುವಾಗ ಸೊಂಟಕ್ಕೆ ಸಿಕ್ಕಿಸಿಕೊಂಡೇ ಏಳಲಿ. ದಿನಾ ಬೆಳಗ್ಗೆ ಪಕ್ಕದ ಮನೆಗೆ ಒಂದು ಮಿಸ್ಡ್ ಕಾಲ್ ಕೊಡಲಿ. ಬರದಿದ್ದರೆ ಅವರು ಬಂದು ನೋಡಲಿ, ಒಂದು ಕೀಲಿಯೂ ಅವರ ಹತ್ತಿರ ಇರಲಿ.

ಬಿದ್ದರೆ ಏಳುವುದನ್ನೂ ನೀವು ಪಕ್ಕದಲ್ಲಿರುವಾಗಲೇ ಅಭ್ಯಾಸ ಮಾಡಿಸಿ. ಮೊದಲು ಮಗ್ಗುಲಿಗೆ ಹೊರಳುವುದು, ಆಮೇಲೆ ಅಂಬೆಗಾಲಲ್ಲಿ ಗಟ್ಟಿ ಕುರ್ಚಿಯವರೆಗೆ ಹೋಗುವುದು, ಅದನ್ನು ಹಿಡಿದು ಒಂದು ಕಾಲು ಊರಿ ಏಳುವುದು. ಸೊಂಟ ವಿಪರೀತ ನೋಯುತ್ತಿದ್ದು ಕಾಲು ಊರಲು ಆಗದಿದ್ದರೆ ಮಾತ್ರ ಯಾರೂ ಎಳೆದು ಎಬ್ಬಿಸಬಾರದು. 108ಕ್ಕೆ ಫೋನ್ ಮಾಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮ ಮಾವನವರು ಕೋಲು ಕೊಟ್ಟರೆ "ನಾನೇನು ಮುದುಕನಾ?" ಎಂದು ಮೂಲೆಗೆ ಇಡುತ್ತಾರೆ. ಎಡ ಮಂಡಿ ನೋವಿದೆ.

ಉತ್ತರ: ಒಮ್ಮೆ ಸರಿಯಾದ ಕೈಗೆ ಕೊಟ್ಟು ನೋಡಿ. ಎಡ ಮಂಡಿ ನೋವಿಗೆ ಬಲಗೈಲಿ ಕೋಲು ಹಿಡಿಯಬೇಕು. ತುಂಬಾ ಜನ ನೋವಿರುವ ಕಡೆಯೇ ಹಿಡಿದು, ಉಪಯೋಗವಿಲ್ಲ ಎಂದು ಬಿಟ್ಟುಬಿಡುತ್ತಾರೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಎತ್ತರಕ್ಕೆ ಕೋಲಿನ ಹಿಡಿ ಬರಬೇಕು. ತುದಿಯ ರಬ್ಬರ್ ಬುಷ್ ಸವೆದಿದ್ದರೆ ಬದಲಿಸಿ.

ಮತ್ತೊಬ್ಬರು: ಮಕ್ಕಳಿಲ್ಲದವರು ಯಾರನ್ನು ಕೇಳಬೇಕು ಮೇಡಂ?

ಉತ್ತರ: 14567 ಹಿರಿಯರ ಸಹಾಯವಾಣಿ, ಫೋನ್ ಮಾಡಿದರೆ ದುಡ್ಡು ಬೀಳುವುದಿಲ್ಲ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತಾರೆ. ಪಿಂಚಣಿ, ಕಾನೂನಿನ ವಿಷಯ ಕೇಳಬಹುದು. ಬೇಜಾರಾಗಿ ಮಾತಾಡಬೇಕು ಅನ್ನಿಸಿದರೂ ಮಾಡಬಹುದು.

ಮೊದಲು ಕೇಳಿದವರು: ಮೇಡಂ, ಊರಿಗೆ ಹೋಗಿ ಬಂದೆ. ನೀವು ಹೇಳಿದ ಕಲೆ ಹಿತ್ತಲ ಬಾಗಿಲ ಎಡಗಡೆ ಇತ್ತು, ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ. ಬುಧವಾರ ಅಲ್ಲೇ ಪೈಪ್ ಹಾಕಿಸುತ್ತಿದ್ದೇವೆ.