ವ್ಯಕ್ತಿಸ್ವಾತಂತ್ರ್ಯದ ನೆಲೆಯ ಪಕ್ಷಕ್ಕೆ ತತ್ವಪತ್ರ ಬರೆಯುವುದು ಹೇಗೆ?

ಪ್ರಶ್ನೆ: ರಾಜ್ಯ ಮಟ್ಟದ ಪಕ್ಷವೊಂದನ್ನು ಕಟ್ಟಲು ಹೊರಟಿದ್ದೇವೆ. ವ್ಯಕ್ತಿಸ್ವಾತಂತ್ರ್ಯವೇ ಬುನಾದಿ, ಸರ್ಕಾರದ ಕೈ ಚಿಕ್ಕದಾಗಬೇಕು ಎಂಬುದು ನಿಲುವು. ಕರಡು ನಲವತ್ತು ಪುಟ ದಾಟಿದೆ, ಓದಿದವರು ಮಾತಿಲ್ಲದೆ ಹಿಂದಿರುಗಿಸುತ್ತಾರೆ. ಇಂಥ ಕೆಲಸ ಮಾಡಿದವರು ಅನುಭವ ತಿಳಿಸಿ.

ಧಾರವಾಡದಿಂದ: ನಮ್ಮ ಕರಡಿನ ಮೊದಲ ಸಾಲು 'ಪ್ರತಿಯೊಬ್ಬನೂ ತನಗೆ ತಾನೇ ಒಡೆಯ' ಎಂದಿತ್ತು. ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ಅದನ್ನು ಗಟ್ಟಿಯಾಗಿ ಓದಿದೆವು. ಹಿರಿಯ ರೈತರೊಬ್ಬರು ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ಕೈಗಿಟ್ಟು, "ಇದೆಲ್ಲ ಇರಲಿ ತಮ್ಮಾ, ನನ್ನ ಹೊಲ ನನ್ನನ್ನು ಕೇಳದೆ ಹೋಗುತ್ತದೆಯೋ ಇಲ್ಲವೋ, ಅದನ್ನು ಹೇಳು" ಎಂದರು. ಅಂದು ರಾತ್ರಿಯೇ ಆ ಸಾಲನ್ನು ಹೊಡೆದುಹಾಕಿ, 'ಒಡೆಯನ ಒಪ್ಪಿಗೆ ಇಲ್ಲದೆ ಕೈಗಾರಿಕೆಗಾಗಿ ಜಮೀನು ಪಡೆಯಬಾರದು' ಎಂದು ಬರೆದೆವು. ದೇವನಹಳ್ಳಿ ತಾಲ್ಲೂಕಿನ 1,777 ಎಕರೆ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ನಂತರ 2025ರಲ್ಲಿ ಸರ್ಕಾರ ಕೈಬಿಟ್ಟಿದ್ದನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಆದರೆ ಒಪ್ಪಿಗೆಯ ತತ್ವ ಅಲ್ಲಿಗೇ ನಿಲ್ಲುವುದಿಲ್ಲ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಬಿ ಕಲಮನ್ನು 2020ರಲ್ಲಿ ತೆಗೆದುಹಾಕಿದ್ದು ಸರಿಯೇ? ರೈತ ಯಾರಿಗೆ ಬೇಕಾದರೂ ಮಾರಬಹುದು ಎಂದರೆ ಸರಿ ಎನ್ನಲೇಬೇಕು. ಹಣವಂತರು ಊರನ್ನೇ ಕೊಂಡುಬಿಡುತ್ತಾರೆ ಎಂದು ಅದೇ ಕಟ್ಟೆಯ ಮೇಲೆ ಜನ ಸಿಟ್ಟಾದರು. ಆ ಭಯ ಸುಳ್ಳಲ್ಲ. ಆದರೂ ಒಪ್ಪಿಗೆಯಿಲ್ಲದೆ ಜಮೀನು ಪಡೆಯಬಾರದು, ರೈತ ಯಾರಿಗೆ ಬೇಕಾದರೂ ಮಾರಬಹುದು ಎಂಬ ಎರಡೂ ಅಂಶಗಳನ್ನು ಒಂದೇ ಪುಟದಲ್ಲಿ ಉಳಿಸಿಕೊಂಡೆವು. ಕೆಲವರು ನಮ್ಮನ್ನು ಬಿಟ್ಟುಹೋದರು. ಒಂದನ್ನು ಮುಚ್ಚಿಟ್ಟಿದ್ದರೆ ಉಳಿದವರಿಗೆ ಮುಖ ತೋರಿಸಲು ಆಗುತ್ತಿರಲಿಲ್ಲ.

ಬೆಂಗಳೂರಿನಿಂದ, ವಕೀಲೆ: ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮನ್ನು ಮೊದಲೇ ಓದಿಕೊಳ್ಳಿ. ನೋಂದಣಿ ಬೇಕಿದ್ದರೆ ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠೆಯನ್ನು ಪಕ್ಷದ ನಿಯಮಾವಳಿಯಲ್ಲಿ ಬರೆಯಲೇಬೇಕು. ನಾನು ಸಲಹೆ ನೀಡುತ್ತಿದ್ದ ಗುಂಪು ಸಮಾಜವಾದ ಎಂಬ ಪದಕ್ಕೆ ಬಂದು ನಿಂತುಬಿಟ್ಟಿತು. ಮನಸ್ಸಾಕ್ಷಿಯ ಈ ಪ್ರಶ್ನೆಯನ್ನು ಸದಸ್ಯರ ಮುಂದಿಟ್ಟು ತೀರ್ಮಾನಿಸಿಕೊಳ್ಳಿ, ಅರ್ಜಿ ತುಂಬುವ ದಿನದವರೆಗೆ ತಳ್ಳಬೇಡಿ.

ಮಂಗಳೂರಿನಿಂದ: ರಾಜಾಜಿಯವರು 1959ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷದ ತತ್ವಗಳು ಇಪ್ಪತ್ತೊಂದೇ. ಅವುಗಳ ವ್ಯಾಪ್ತಿಗೆ ಬಾರದ ವಿಷಯಗಳಲ್ಲಿ ಸದಸ್ಯರಿಗೆ ಪೂರ್ಣ ಸ್ವಾತಂತ್ರ್ಯವಿತ್ತು. ಅದೇ ಪಕ್ಷ 1967ರಲ್ಲಿ ಲೋಕಸಭೆಯ 44 ಸ್ಥಾನಗಳನ್ನು ಗೆದ್ದಿತು. ನಿಮ್ಮ ಕರಡಿನಿಂದ ನಾಣ್ಯ, ರಕ್ಷಣೆ, ವಿದೇಶಾಂಗದ ಅಧ್ಯಾಯಗಳನ್ನು ತೆಗೆಯಿರಿ, ಅವು ರಾಜ್ಯದ ಕೈಯಲ್ಲಿಲ್ಲ. ಭೂಮಿ, ಪೊಲೀಸ್, ಅಬಕಾರಿ, ಪಂಚಾಯತಿ ಉಳಿಯಲಿ. ನಮ್ಮದು ಹೀಗೆ ಮಾಡಿದ ಮೇಲೆ ಆರು ಪುಟಕ್ಕೆ ಇಳಿಯಿತು. ನಿಮ್ಮ ಕರಡನ್ನು ಕಳುಹಿಸಿದರೆ ಸಾಲು ಸಾಲಾಗಿ ಓದಿ ಗುರುತು ಹಾಕಿ ಕೊಡುತ್ತೇನೆ.