ಕಾಸರಗೋಡಿನ ತಂತ್ರಜ್ಞಾನ ಸಮ್ಮೇಳನ ಎಐಯಿಂದಲೇ ಶುರುವಾಗಬೇಕಾ?

ಬದಿಯಡ್ಕದವ: ತಂತ್ರಜ್ಞಾನ ನಮ್ಮ ಬದುಕನ್ನು ಏನು ಮಾಡಿದೆ ಅಂತ ಮಾತಾಡಲು ಪ್ರತಿ ವರ್ಷ ಕಾಸರಗೋಡಿನಲ್ಲಿ, ಕನ್ನಡದಲ್ಲೇ ಒಂದು ಸಮ್ಮೇಳನ ಮಾಡುವ ಯೋಚನೆ ಇದೆ. ಮೊದಲ ವರ್ಷ ಎಐ, ಅಂದರೆ ಕೃತಕ ಬುದ್ಧಿಮತ್ತೆ. ಬೆಂಗಳೂರಿನಿಂದ ಪರಿಣತರನ್ನು ಕರೆಸುತ್ತೇವೆ. ಏನಂತೀರಿ?

ಪಡ್ರೆಯವಳು: ಎಐ ಬೇಡ ಅನ್ನುವುದಿಲ್ಲ. ಆದರೆ ಕಾಸರಗೋಡಿನಲ್ಲಿ ಕೂತು ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಥೆ ಬಿಟ್ಟು ಈ ಮಾತು ಶುರು ಮಾಡುವುದು ಹೇಗೆ? ಗೇರಿಗೆ ಬರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಆ ಮದ್ದು ಬಿಟ್ಟರು. ಗೇರು ಪ್ಲಾಂಟೇಶನ್ ಗುಡ್ಡದ ಮೇಲೆ, ಮನೆಗಳು ಕೆಳಗೆ, ಕುಡಿಯುವುದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು, ತೋಡಿನ ನೀರು. ಅದೂ ಆ ಕಾಲದ ಹೊಸ ತಂತ್ರಜ್ಞಾನವೇ ಅಲ್ವಾ? ಊರಿನವರಿಗೆ ಬಂದ ಕಾಯಿಲೆಗೂ ಈ ಕೀಟನಾಶಕಕ್ಕೂ ಸಂಬಂಧ ಇಲ್ಲ ಅಂತ ಬರೆದುಕೊಟ್ಟ ಪರಿಣತರ ಸಮಿತಿಯೂ ಇತ್ತು.

ಕುಂಬಳೆ ಟೆಕ್ಕಿ: ಅಕ್ಕ, ಆ ಬಗ್ಗೆ ಸಭೆಗಳು ಬೇಕಾದಷ್ಟು ಆಗಿವೆ. ನನಗೆ ಗೊತ್ತಿರುವ ಅನುವಾದಕರಿಗೆ ಎಐಯಿಂದ ಈಗಲೇ ಕೆಲಸ ಕಡಿಮೆಯಾಗುತ್ತಿದೆ. ಅವರ ಮಾತನ್ನು ಯಾವಾಗ ಕೇಳುವುದು?

ಪಡ್ರೆಯವಳು: ಅದನ್ನೇ ನಾನೂ ಹೇಳುತ್ತಿರುವುದು! ವೇದಿಕೆ ಮೇಲೆ ಆ ಅನುವಾದಕರು ಇರಲಿ. ಪೆರಿಯದಲ್ಲಿ ಕೃಷಿ ಅಧಿಕಾರಿಯಾಗಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದದ್ದಕ್ಕೆ 2000ದಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟು ಹೆಲಿಕಾಪ್ಟರ್ ನಿಲ್ಲಿಸಿತು. ಸುಪ್ರೀಂ ಕೋರ್ಟು ದೇಶದಲ್ಲೇ ಆ ಮದ್ದನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ 5 ಲಕ್ಷ ಕೊಡಿ ಅಂದದ್ದು 2017ರಲ್ಲಿ. ನೊಂದವರ ಮಾತು ಮೊದಲೇ ಕೇಳಿದ್ದರೆ ಇಷ್ಟು ವರ್ಷ ಬೇಕಿತ್ತಾ?

ನೀರ್ಚಾಲು ಮಾಷ್ಟ್ರು: ಒಂದು ಹಳೆಯ ಉದಾಹರಣೆ ಕೊಡುತ್ತೇನೆ. ಅಣುಬಾಂಬಿನ ಅಪಾಯದ ಬಗ್ಗೆ 1955ರಲ್ಲಿ ತತ್ವಜ್ಞಾನಿ ರಸೆಲ್ ಮತ್ತು ವಿಜ್ಞಾನಿ ಐನ್‌ಸ್ಟೈನ್ ಹೇಳಿಕೆ ಬಂತು. ಅದರಿಂದ 1957ರಲ್ಲಿ ಕೆನಡಾದ ಪಗ್ವಾಶ್ ಎಂಬ ಸಣ್ಣ ಊರಿನಲ್ಲಿ 22 ವಿಜ್ಞಾನಿಗಳು ಸೇರಿದರು. ಅಮೆರಿಕದವರೂ ಇದ್ದರು, ಸೋವಿಯತ್‌ನವರೂ ಇದ್ದರು. ಒಂದು ಸಭೆಗೆ ನಿಲ್ಲಿಸಲಿಲ್ಲ, ಮತ್ತೆ ಮತ್ತೆ ಸೇರಿದರು, ಜಗಳ ಆಡಿದರು, ಒಬ್ಬರನ್ನೊಬ್ಬರು ನಂಬಲು ಕಲಿತರು, 1963ರ ಭಾಗಶಃ ಅಣುಪರೀಕ್ಷೆ ನಿಷೇಧ ಒಪ್ಪಂದಕ್ಕೆ ಆ ಪರಿಚಯವೂ ದಾರಿ ಮಾಡಿತು. 1995ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಹಾಗಾಗಿ ಮೊದಲ ವರ್ಷ ಏನು ವಿಷಯ ಅನ್ನುವುದಕ್ಕಿಂತ ಎರಡನೇ ವರ್ಷ ಅದೇ ಜನ ಮತ್ತೆ ಬರುತ್ತಾರಾ ಅನ್ನುವುದು ನನಗೆ ಮುಖ್ಯ. ಈ ವರ್ಷ ಒಪ್ಪಿಕೊಂಡದ್ದನ್ನು ಮುಂದಿನ ವರ್ಷ ಎದುರಿಗೇ ಕೇಳಬೇಕು.

ಮಂಜೇಶ್ವರ ಟೀಚರ್: ಭಾಷೆಯ ವಿಷಯವೂ ಸೇರಲಿ. ಕೇರಳದ 1969ರ ಆಡಳಿತ ಭಾಷೆ ಕಾನೂನು ನಮಗೆ ಸರಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಕಾಗದ ಹೋಗಿ ಆನ್‌ಲೈನ್ ಅರ್ಜಿ ಬಂದ ಮೇಲೆ ನಮ್ಮ ಮನೆಯ ಹಿರಿಯರು ಮಲಯಾಳಂ ಪರದೆ ಮುಂದೆ ಸುಮ್ನೆ ಕೂರುತ್ತಾರೆ. ಇನ್ನೊಬ್ಬರು ತುಂಬಿಸಿದ್ದಕ್ಕೆ ಬೆರಳು ಒತ್ತುತ್ತಾರೆ. ಇದಕ್ಕೆ ಬೆಂಗಳೂರಿನ ಪರಿಣತರಲ್ಲಿ ಉತ್ತರ ಇಲ್ಲ.

ಕುಂಬಳೆ ಟೆಕ್ಕಿ: ಟೀಚರ್ ಹೇಳಿದ್ದು ಒಪ್ಪಿದೆ. ಆದರೆ ಸಭಾಂಗಣ, ಊಟ, ಮೈಕು? ಕಂಪೆನಿ ಸಹಾಯ ಇಲ್ಲದೆ ಆಗುತ್ತಾ?

ಪಡ್ರೆಯವಳು: ಕಂಪೆನಿ ದುಡ್ಡು ಬೇಡವೇ ಬೇಡ.

ನೀರ್ಚಾಲು ಮಾಷ್ಟ್ರು: ಪಗ್ವಾಶಿನ ಮೊದಲ ಸಭೆಗೆ ದುಡ್ಡು ಕೊಟ್ಟದ್ದು ಸೈರಸ್ ಈಟನ್ ಎಂಬ ಉದ್ಯಮಿ. ಯಾರು ಎಷ್ಟು ಕೊಟ್ಟರು ಅಂತ ಬಾಗಿಲಲ್ಲೇ ಬರೆದು ಹಾಕಿ. ಯಾರು ಮಾತಾಡಬೇಕು ಅಂತ ಅವರು ಹೇಳಬಾರದು, ಅಷ್ಟೇ.

ಪಡ್ರೆಯವಳು: ಬೇರೆ ಕಂಪೆನಿ ಆದರೆ ನೋಡೋಣ ಮಾಷ್ಟ್ರೇ. ಕೀಟನಾಶಕದವರದ್ದು ಒಂದು ರೂಪಾಯಿ ಬಂದರೂ ನಾನು ಬರುವುದಿಲ್ಲ.